ರಾಸಾಯನಿಕ ಸಮೀಕರಣ: ಬರೆಯುವುದು ಮತ್ತು ಸರಿದೂಗಿಸುವುದು

ಒಂದು ರಾಸಾಯನಿಕ ಕ್ರಿಯೆಯಲ್ಲಿ ಯಾವ ವಸ್ತುಗಳು ಯಾವ ಪ್ರಮಾಣದಲ್ಲಿ ಕೂಡಿ ಏನಾಗಿ ಬದಲಾಗುತ್ತವೆ ಎಂಬುದನ್ನು ಸಂಕೇತಗಳಲ್ಲಿ ಹೇಳುವ ಬರಹಕ್ಕೆ ರಾಸಾಯನಿಕ ಸಮೀಕರಣ ಎಂದು ಹೆಸರು. ಬಾಣದ ಎಡಕ್ಕೆ ಪ್ರತಿವರ್ತಕಗಳು, ಬಲಕ್ಕೆ ಉತ್ಪನ್ನಗಳು. ಪ್ರತಿಯೊಂದು ಧಾತುವಿನ ಪರಮಾಣುಗಳ ಸಂಖ್ಯೆ ಎರಡೂ ಕಡೆ ಒಂದೇ ಆಗಿದ್ದರೆ ಸಮೀಕರಣ ಸರಿದೂಗಿದೆ ಎನ್ನುತ್ತಾರೆ. ಕ್ರಿಯೆಯಲ್ಲಿ ಪರಮಾಣು ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ. ಜೊತೆಗಾರರನ್ನು ಬದಲಿಸಿಕೊಳ್ಳುತ್ತದೆ, ಅಷ್ಟೆ.

ಕರ್ನಾಟಕದ ಮಕ್ಕಳಿಗೆ ಹತ್ತನೆಯ ತರಗತಿಯ ವಿಜ್ಞಾನದ ಮೊದಲ ಪಾಠವೇ ಇದು. ಅಲ್ಲಿನ ಮೊದಲ ಉದಾಹರಣೆ ಉರಿಯುವ ಮೆಗ್ನೀಸಿಯಂ ಪಟ್ಟಿ. ಆ ಪಟ್ಟಿಯನ್ನು ಶಾಲೆಯ ಹೊರಗೆ ಕಂಡವರು ಕಡಿಮೆ. ಆದ್ದರಿಂದ ಈ ಲೇಖನದ ಉದಾಹರಣೆಗಳು ಬಹುಪಾಲು ಚೆನ್ನೈ ಮತ್ತು ಅದರ ಆಸುಪಾಸಿನವು. ಚಿಪ್ಪು ಸುಟ್ಟು ಸುಣ್ಣ ಮಾಡಿದ ಕಾಲದಿಂದ ಮನಲಿಯ ರಸಗೊಬ್ಬರ ಕಾರ್ಖಾನೆಯವರೆಗೆ, ಕಲಿಯುವವನಿಗೆ ಬೇಕಾದ ಎಲ್ಲ ಬಗೆಯ ಸಮೀಕರಣಗಳೂ ಆ ಊರಿನ ಸುತ್ತಮುತ್ತ ಹೆಚ್ಚುಕಡಿಮೆ ಸಿಕ್ಕಿಬಿಡುತ್ತವೆ.

ಸಂಕೇತಗಳು ಲೋಕದೆಲ್ಲೆಡೆ ರೋಮನ್ ಅಕ್ಷರಗಳಲ್ಲೇ ಇರುತ್ತವೆ. ತಮಿಳು ಶಾಲೆಯಲ್ಲೂ ಅವೇ, ಕನ್ನಡ ಶಾಲೆಯಲ್ಲೂ ಅವೇ. ಇಲ್ಲಿ ಮಾತ್ರ ಮೇಷ್ಟ್ರು ಹಲಗೆಯ ಮುಂದೆ ನಿಂತು ಓದಿ ಹೇಳುವಂತೆ ಅವನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ: ಎಚ್ ಎಂದರೆ ಜಲಜನಕ, ಒ ಎಂದರೆ ಆಮ್ಲಜನಕ, ಎನ್ ಎಂದರೆ ಸಾರಜನಕ, ಸಿ ಎಂದರೆ ಇಂಗಾಲ, ಎಸ್ ಎಂದರೆ ಗಂಧಕ. ಸೂತ್ರ ಉದ್ದವಾಗಿ ಕಣ್ಣಿಗೆ ತೊಡಕಾಗುವ ಕಡೆ ವಸ್ತುವಿನ ಹೆಸರನ್ನೇ ಬರೆದಿದೆ.

ಬರವಣಿಗೆಯ ಹುಟ್ಟು

ಕ್ರಿಯೆಯೊಂದನ್ನು ಕಾಗದದ ಮೇಲೆ ರೇಖೆಗಳಿಂದ ತೋರಿಸುವ ಮೊದಲ ಪ್ರಯತ್ನ ಫ್ರಾನ್ಸಿನ ಜೀನ್ ಬೆಗ್ಯಾಂ 1615ರಲ್ಲಿ ಮಾಡಿದ್ದು ಎನ್ನುವುದು ವಾಡಿಕೆ. ಅದು ಚಿತ್ರವಾಗಿತ್ತು, ಲೆಕ್ಕವಾಗಿರಲಿಲ್ಲ. ಲೆಕ್ಕದ ಆಧಾರ ಬಂದದ್ದು ಅದೇ ದೇಶದ ರಸಾಯನಶಾಸ್ತ್ರಜ್ಞ ಲವಾಸಿಯೆಯಿಂದ. ದ್ರಾಕ್ಷಿರಸ ಹುಳಿತು ಮದ್ಯವಾಗುವುದನ್ನು ಆತ 1789ರ ತನ್ನ ಗ್ರಂಥದಲ್ಲಿ ವಿವರಿಸುವಾಗ, ಹಾಕಿದ ವಸ್ತುಗಳ ತೂಕವೂ ಬಂದ ವಸ್ತುಗಳ ತೂಕವೂ ಸಮ ಎಂದು ಇಟ್ಟುಕೊಂಡು ಅದನ್ನು ಬೀಜಗಣಿತದ ಸಮೀಕರಣದಂತೆ ಕಂಡ. ರಾಶಿ ಸಂರಕ್ಷಣಾ ನಿಯಮ ಎಂದು ನಾವು ಬಾಯಿಪಾಠ ಮಾಡುವುದು ಇದನ್ನೇ. ತೂಕ ಯಾಕೆ ಸಮನಾಗಬೇಕು ಎಂಬುದಕ್ಕೆ ಕಾರಣ ಸಿಕ್ಕಿದ್ದು ಡಾಲ್ಟನ್ 1808ರಲ್ಲಿ ಪರಮಾಣು ವಾದವನ್ನು ಪ್ರಕಟಿಸಿದ ಮೇಲೆ. ಆತ ಒಂದೊಂದು ಧಾತುವಿಗೆ ಒಂದೊಂದು ಬಗೆಯ ವೃತ್ತ ಬರೆಯುತ್ತಿದ್ದ. ಅಚ್ಚು ಹಾಕುವವರಿಗೆ ಅದು ತಲೆನೋವು. ಸ್ವೀಡನ್ನಿನ ಬರ್ಜೀಲಿಯಸ್ 1813-14ರಲ್ಲಿ ಲ್ಯಾಟಿನ್ ಹೆಸರುಗಳ ಮೊದಲಕ್ಷರಗಳನ್ನು ಬಳಕೆಗೆ ತಂದ. ಪರಮಾಣುಗಳ ಸಂಖ್ಯೆಯನ್ನು ಆತ ಅಕ್ಷರದ ಮೇಲೆ ಬರೆಯುತ್ತಿದ್ದ. ಅದು ಕೆಳಗಿಳಿದದ್ದು ನಂತರ. ಎರಡೂ ದಿಕ್ಕಿಗೆ ನಡೆಯುವ ಕ್ರಿಯೆಗೆ ಜೋಡಿ ಬಾಣ ಹಾಕುವ ರೂಢಿ 1884ರಲ್ಲಿ ವಾಂಟ್ ಹಾಫ್‌ನಿಂದ ಬಂತು.

ಮೊದಲು ಸೂತ್ರ

ಕಲಿಯುವವರು ಎಡವುವುದು ಸರಿದೂಗಿಸುವಲ್ಲಿ ಎಂದು ಹೇಳುವುದುಂಟು. ಹಾಗಲ್ಲ. ಬಹುಪಾಲು ತಪ್ಪುಗಳು ಅದಕ್ಕೂ ಮೊದಲೇ, ಸೂತ್ರ ಬರೆಯುವಾಗಲೇ ಆಗಿರುತ್ತವೆ. ಸೂತ್ರ ತಪ್ಪಿದ್ದರೆ ಎಷ್ಟು ಎಣಿಸಿದರೂ ಸಮೀಕರಣ ದೂಗದು. ದೂಗಿದರೆ ಇನ್ನೂ ಕೆಟ್ಟದ್ದು, ಏಕೆಂದರೆ ಆಗ ತಪ್ಪು ಗೊತ್ತೇ ಆಗುವುದಿಲ್ಲ.

ಅಂಕಿಗಳು ಎರಡು ಬಗೆ. ಅಕ್ಷರದ ಕೆಳಗಿನ ಸಣ್ಣ ಅಂಕಿ ಅಣುವಿನೊಳಗೆ ಎಷ್ಟು ಪರಮಾಣುಗಳಿವೆ ಎಂದು ಹೇಳುತ್ತದೆ. ಅದು ವಸ್ತುವಿನ ಸ್ವಭಾವ, ಬರೆಯುವವನ ಇಷ್ಟವಲ್ಲ. ಸೂತ್ರದ ಮುಂದಿನ ದೊಡ್ಡ ಅಂಕಿ ಅಂಥ ಅಣುಗಳು ಎಷ್ಟು ಎಂದು ಹೇಳುತ್ತದೆ. ಸರಿದೂಗಿಸುವವನು ಕೈ ಹಾಕಬಹುದಾದದ್ದು ಇದಕ್ಕೆ ಮಾತ್ರ. ಜಲಜನಕ ಆಮ್ಲಜನಕದಲ್ಲಿ ಉರಿದು ನೀರಾಗುವುದನ್ನು ಬರೆಯಿರಿ ಎಂದರೆ,

ಎಚ್₂ + ಒ₂ → ಎಚ್₂ಒ

ಎಂದು ಬರೆದು, ಬಲಗಡೆ ಒಂದು ಆಮ್ಲಜನಕ ಕಡಿಮೆ ಬಿತ್ತೆಂದು ಎಚ್₂ಒ ಇದ್ದದ್ದನ್ನು ಎಚ್₂ಒ₂ ಮಾಡುವವರಿದ್ದಾರೆ. ಎಣಿಕೆ ಸರಿಹೋಯಿತು, ಆದರೆ ನೀರು ಹೋಗಿ ಹೈಡ್ರೋಜನ್ ಪೆರಾಕ್ಸೈಡ್ ಬಂತು. ಗಾಯ ತೊಳೆಯುವುದಕ್ಕೆ ಅದು ಆದೀತು, ಕುಡಿಯುವುದಕ್ಕೆ ಆಗದು. ಸರಿಯಾದ ಬರಹ:

2ಎಚ್₂ + ಒ₂ → 2ಎಚ್₂ಒ

ಸೂತ್ರವನ್ನು ಪಡೆಯುವ ದಾರಿ ವೇಲೆನ್ಸಿ, ಅಂದರೆ ಪರಮಾಣು ಅಥವಾ ಗುಂಪಿನ ಕೂಡುವ ಸಾಮರ್ಥ್ಯ. ಕ್ಯಾಲ್ಸಿಯಂನ ವೇಲೆನ್ಸಿ 2, ಫಾಸ್ಫೇಟ್ ಗುಂಪಿನದು 3. ಎರಡನ್ನೂ ಅಡ್ಡ ಬದಲಿಸಿದರೆ ಕ್ಯಾಲ್ಸಿಯಂ ಫಾಸ್ಫೇಟಿನಲ್ಲಿ 3 ಕ್ಯಾಲ್ಸಿಯಂ, 2 ಫಾಸ್ಫೇಟ್ ಎಂದು ತಿಳಿಯುತ್ತದೆ. ಇದರ ಜೊತೆಗೆ ನೆನಪಿಡಬೇಕಾದ ಪಟ್ಟಿ ಒಂದೇ: ಜಲಜನಕ, ಸಾರಜನಕ, ಆಮ್ಲಜನಕ, ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್ ಇವು ಒಂಟಿಯಾಗಿದ್ದಾಗ ಜೋಡಿ ಪರಮಾಣುಗಳ ಅಣುಗಳಾಗಿರುತ್ತವೆ. ಆಮ್ಲಜನಕವನ್ನು ಬರೀ ಒ ಎಂದು ಬರೆದ ಉತ್ತರಪತ್ರಿಕೆಗಳನ್ನು ಪ್ರತಿ ವರ್ಷವೂ ಮೌಲ್ಯಮಾಪಕರು ನೋಡುತ್ತಾರೆ.

ಚಿಪ್ಪಿನ ಸುಣ್ಣ

ಅಂಕಿಗಳನ್ನೇ ಹಾಕಬೇಕಿಲ್ಲದ ಸಮೀಕರಣದಿಂದ ಆರಂಭಿಸುವುದು ಒಳ್ಳೆಯದು. ಮದ್ರಾಸಿನ ಹಳೆಯ ಕಟ್ಟಡಗಳ ಗೋಡೆ, ಕಂಬಗಳ ಗಾರೆ ಅಮೃತಶಿಲೆಯಂತೆ ಹೊಳೆಯುತ್ತಿತ್ತು. ಅದಕ್ಕೆ ಮದ್ರಾಸ್ ಚುನಮ್ ಎಂಬ ಹೆಸರಿತ್ತು. ಅದರ ಸುಣ್ಣ ಕಲ್ಲಿನದಲ್ಲ, ಸಮುದ್ರದ ಚಿಪ್ಪಿನದು. ನಗರದ ಉತ್ತರಕ್ಕಿರುವ ಪುಲಿಕಾಟ್ ಸರೋವರ ಚಿಪ್ಪಿನ ದೊಡ್ಡ ಆಕರ. ಸೇಂಟ್ ಹೆಲೆನಾದ ಗವರ್ನರ್ ಐಸಾಕ್ ಪೈಕ್ ಮದ್ರಾಸಿನ ಗಾರೆ ಮಾಡುವ ಕ್ರಮವನ್ನು ಬರೆದು ಕಳಿಸಿದ್ದು 1730ರ ದಶಕದ ಆರಂಭದಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಲವಾಸಿಯೆ ಆಗಿನ್ನೂ ಹುಟ್ಟಿರಲಿಲ್ಲ.

ಚಿಪ್ಪು ಎಂದರೆ ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಗೂಡಿನಲ್ಲಿ ಸುಟ್ಟರೆ ಸುಟ್ಟ ಸುಣ್ಣ, ನೀರು ಹಾಕಿದರೆ ಅರಳಿದ ಸುಣ್ಣ, ಗೋಡೆಗೆ ಬಳಿದ ಮೇಲೆ ಗಾಳಿ ಕುಡಿದು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್:

ಕ್ಯಾಲ್ಸಿಯಂ ಕಾರ್ಬೊನೇಟ್ → ಕ್ಯಾಲ್ಸಿಯಂ ಆಕ್ಸೈಡ್ + ಕಾರ್ಬನ್ ಡೈಆಕ್ಸೈಡ್

ಕ್ಯಾಲ್ಸಿಯಂ ಆಕ್ಸೈಡ್ + ನೀರು → ಕ್ಯಾಲ್ಸಿಯಂ ಹೈಡ್ರಾಕ್ಸೈಡ್

ಕ್ಯಾಲ್ಸಿಯಂ ಹೈಡ್ರಾಕ್ಸೈಡ್ + ಕಾರ್ಬನ್ ಡೈಆಕ್ಸೈಡ್ → ಕ್ಯಾಲ್ಸಿಯಂ ಕಾರ್ಬೊನೇಟ್ + ನೀರು

ಮೂರರಲ್ಲೂ ಎಲ್ಲವೂ ಒಂದೊಂದೇ ಅಣು. ಮೊದಲನೆಯದನ್ನು ಎಣಿಸಿ ನೋಡಿ: ಎಡಗಡೆ 1 ಕ್ಯಾಲ್ಸಿಯಂ, 1 ಇಂಗಾಲ, 3 ಆಮ್ಲಜನಕ. ಬಲಗಡೆ ಆಕ್ಸೈಡಿನಲ್ಲಿ 1 ಕ್ಯಾಲ್ಸಿಯಂ ಮತ್ತು 1 ಆಮ್ಲಜನಕ, ಅನಿಲದಲ್ಲಿ 1 ಇಂಗಾಲ ಮತ್ತು 2 ಆಮ್ಲಜನಕ. ಪರಮಾಣು ತೂಕ ಹಾಕಿದರೆ 100 ಕಿಲೋ ಶುದ್ಧ ಚಿಪ್ಪಿನಿಂದ 56 ಕಿಲೋ ಸುಟ್ಟ ಸುಣ್ಣ, ಉಳಿದ 44 ಕಿಲೋ ಹೊಗೆಯ ಜೊತೆ ಆಕಾಶಕ್ಕೆ. ಆ 56ಕ್ಕೆ 18 ಕಿಲೋ ನೀರು ಸೇರಿ 74 ಕಿಲೋ ಅರಳಿದ ಸುಣ್ಣ. ಅದು ಗೋಡೆಯ ಮೇಲೆ 44 ಕಿಲೋ ಅನಿಲವನ್ನು ಹೀರಿ, 18 ಕಿಲೋ ನೀರನ್ನು ಬಿಟ್ಟು, ತಿರುಗಿ 100 ಕಿಲೋ ಆಗುತ್ತದೆ. ಮೂರು ಸಮೀಕರಣಗಳನ್ನೂ ಕೂಡಿಸಿದರೆ ಎಡಬಲಗಳು ಪೂರ್ತಿ ರದ್ದಾಗುತ್ತವೆ: ಚಿಪ್ಪಿನಲ್ಲಿದ್ದ ವಸ್ತುವೇ ಗೋಡೆಯ ಮೇಲೆ ಬೇಕಾದ ಆಕಾರದಲ್ಲಿ ಕೂತಿರುತ್ತದೆ. ಗಾರೆಗೆ ಬೆರೆಸುತ್ತಿದ್ದ ಬೆಲ್ಲದ ನೀರು, ಮೊಟ್ಟೆಯ ಬಿಳಿ ಇವುಗಳಿಗೆ ಈ ಸಮೀಕರಣಗಳಲ್ಲಿ ಜಾಗವಿಲ್ಲ. ಹೊಳಪು ಮತ್ತು ಗಟ್ಟಿತನದಲ್ಲಿ ಅವುಗಳ ಪಾಲು ದೊಡ್ಡದು, ಆದರೂ ಮುಖ್ಯ ಕ್ರಿಯೆಯ ಲೆಕ್ಕಕ್ಕೆ ಅವು ಬರುವುದಿಲ್ಲ.

ಎಣಿಸಿ ಸರಿದೂಗಿಸುವುದು

ಸಾಮಾನ್ಯ ಸಮೀಕರಣಗಳಿಗೆ ಕಣ್ಣಂದಾಜಿನ ಎಣಿಕೆ ಸಾಕು. ಅತಿ ಕಡಿಮೆ ಸೂತ್ರಗಳಲ್ಲಿ ಬರುವ ಧಾತುವಿನಿಂದ ಶುರುಮಾಡಿ, ಒಂಟಿಯಾಗಿ ನಿಂತ ಧಾತುವನ್ನು ಕೊನೆಗೆ ಬಿಡುವುದು ಜಾಣತನ. ಅಡುಗೆ ಅನಿಲದ ಬ್ಯೂಟೇನ್ ಉರಿಯುವುದನ್ನು ನೋಡೋಣ. ಸಿಲಿಂಡರಿನಲ್ಲಿ ಪ್ರೊಪೇನ್ ಕೂಡ ಇರುತ್ತದೆ, ಅದನ್ನು ಸದ್ಯ ಬಿಡೋಣ.

ಸಿ₄ಎಚ್₁₀ + ಒ₂ → ಸಿಒ₂ + ಎಚ್₂ಒ

ಇಂಗಾಲ ಎಡಗಡೆ 4, ಆದ್ದರಿಂದ ಬಲಗಡೆ 4ಸಿಒ₂. ಜಲಜನಕ 10, ಆದ್ದರಿಂದ 5ಎಚ್₂ಒ. ಈಗ ಬಲಗಡೆಯ ಆಮ್ಲಜನಕ 8 ಮತ್ತು 5, ಒಟ್ಟು 13. ಎಡಗಡೆ ಜೋಡಿ ಜೋಡಿಯಾಗಿ ಬರುವ ಆಮ್ಲಜನಕದಲ್ಲಿ 13 ಹೊಂದಿಸಲು ಆರೂವರೆ ಅಣು ಬೇಕು. ಅರೆ ಅಣು ಇಲ್ಲವಾದ್ದರಿಂದ ಇಡೀ ಸಮೀಕರಣವನ್ನು ಎರಡರಿಂದ ಗುಣಿಸಬೇಕು:

2ಸಿ₄ಎಚ್₁₀ + 13ಒ₂ → 8ಸಿಒ₂ + 10ಎಚ್₂ಒ

ನಡುವೆ ಭಿನ್ನರಾಶಿ ಬಂತೆಂದು ಗಾಬರಿಯಾಗಿ ಅಳಿಸಿ ಮೊದಲಿನಿಂದ ಶುರುಮಾಡುವ ಅಗತ್ಯವಿಲ್ಲ. ಕೊನೆಗೆ ಪೂರ್ಣಾಂಕ ಮಾಡಿದರಾಯಿತು.

ಎರಡೂ ಕಡೆ ಒಡೆಯದೆ ಉಳಿಯುವ ಗುಂಪುಗಳನ್ನು ಗುಂಪಾಗಿಯೇ ಎಣಿಸಿದರೆ ಕೆಲಸ ಅರ್ಧಕ್ಕಿಳಿಯುತ್ತದೆ. ಚೆನ್ನೈಯಿಂದ ಪಶ್ಚಿಮಕ್ಕೆ ಸುಮಾರು 110 ಕಿಲೋಮೀಟರ್ ದೂರದ ರಾಣಿಪೇಟೆಯಲ್ಲಿ ಪ್ಯಾರಿ ಕಂಪನಿ 1906ರಲ್ಲಿ ಸೂಪರ್‌ಫಾಸ್ಫೇಟ್ ಕಾರ್ಖಾನೆ ತೆರೆಯಿತು. ದೇಶದಲ್ಲಿ ಕೈಗಾರಿಕಾ ರಸಗೊಬ್ಬರದ ಆರಂಭ ಅದೇ. ನೀರಿನಲ್ಲಿ ಕರಗದ ಫಾಸ್ಫೇಟನ್ನು ಗಂಧಕಾಮ್ಲದಿಂದ ಕರಗುವಂತೆ ಮಾಡುವುದು ಅಲ್ಲಿನ ಕೆಲಸ:

1 ಕ್ಯಾಲ್ಸಿಯಂ ಫಾಸ್ಫೇಟ್ + 2 ಗಂಧಕಾಮ್ಲ → 1 ಕ್ಯಾಲ್ಸಿಯಂ ಡೈಹೈಡ್ರೋಜನ್ ಫಾಸ್ಫೇಟ್ + 2 ಕ್ಯಾಲ್ಸಿಯಂ ಸಲ್ಫೇಟ್

ಗಂಧಕ, ರಂಜಕ, ಆಮ್ಲಜನಕಗಳನ್ನು ಬೇರೆಬೇರೆಯಾಗಿ ಎಣಿಸಹೋದರೆ ಕೈ ತಪ್ಪುತ್ತದೆ. ಫಾಸ್ಫೇಟ್ ಗುಂಪು ಎರಡೂ ಕಡೆ 2, ಸಲ್ಫೇಟ್ ಗುಂಪು ಎರಡೂ ಕಡೆ 2, ಕ್ಯಾಲ್ಸಿಯಂ 3, ಜಲಜನಕ 4. ಮುಗಿಯಿತು. ಗೊಬ್ಬರದ ಚೀಲದಲ್ಲಿ ಕರಗುವ ಫಾಸ್ಫೇಟಿನ ಜೊತೆಗೆ ಅಷ್ಟೊಂದು ಜಿಪ್ಸಂ (ಕ್ಯಾಲ್ಸಿಯಂ ಸಲ್ಫೇಟ್) ಯಾಕೆ ಬರುತ್ತದೆ ಎಂಬ ರೈತನ ಪ್ರಶ್ನೆಗೂ ಬಲಗಡೆಯ ಆ 2 ಉತ್ತರ ಹೇಳುತ್ತದೆ.

ಕಣ್ಣಂದಾಜು ಸಾಲದಾದಾಗ ಬೀಜಗಣಿತ ಇದೆ. ಪ್ರತಿ ಸೂತ್ರದ ಮುಂದೆ ಒಂದು ಅಜ್ಞಾತ ಅಕ್ಷರ ಇಟ್ಟು, ಪ್ರತಿ ಧಾತುವಿಗೆ ಒಂದು ಸಮೀಕರಣ ಬರೆದು ಬಿಡಿಸುವುದು. ಕಂಪ್ಯೂಟರುಗಳು ಮಾಡುವುದು ಇದನ್ನೇ. ಕೈಯಲ್ಲಿ ಮಾಡುವವನಿಗೆ ಇದಕ್ಕಿಂತ ರಸವತ್ತಾದ ದಾರಿ ಎಲೆಕ್ಟ್ರಾನುಗಳ ಎಣಿಕೆ.

ಕ್ರೋಮ್‌ಪೇಟೆಯಲ್ಲಿ ಬೆಲ್ಲ

ಚೆನ್ನೈನ ದಕ್ಷಿಣದಲ್ಲಿ ಪಲ್ಲಾವರಂ ಪಕ್ಕದ ಕ್ರೋಮ್‌ಪೇಟೆಗೆ ಆ ಹೆಸರು ಬಂದದ್ದು ಅಲ್ಲಿದ್ದ ಕ್ರೋಮ್ ಲೆದರ್ ಕಂಪನಿಯಿಂದ. ಅದಕ್ಕೂ ಮುಂಚೆ ಮದ್ರಾಸ್ ಪ್ರಾಂತ್ಯದ ತೊಗಲು ಆವರಿಕೆ ತೊಗಟೆಯಲ್ಲಿ ವಾರಗಟ್ಟಲೆ ನೆನೆದು ಹದವಾಗುತ್ತಿತ್ತು. ಕ್ರೋಮಿಯಂ ಲವಣದಲ್ಲಿ ಅದೇ ಕೆಲಸ ದಿನಗಳ ಲೆಕ್ಕದಲ್ಲಿ ಮುಗಿಯುತ್ತದೆ. ಈ ಹದವನ್ನು ಮದ್ರಾಸಿನಲ್ಲಿ ಪ್ರಯೋಗಿಸಿ ತೋರಿಸಿದವರಲ್ಲಿ ಮುಖ್ಯನಾದವನು ಎಂಜಿನಿಯರ್ ಆಲ್‌ಫ್ರೆಡ್ ಚಾಟರ್ಟನ್. ಅದು 20ನೆಯ ಶತಮಾನದ ಮೊದಲ ದಶಕದ ಮಾತು. ಬಾವಿಯಿಂದ ನೀರೆತ್ತುವ ಕಪಿಲೆಯ ಚೀಲಕ್ಕೆ ನೀರಿಗೆ ಜಗ್ಗದ ತೊಗಲು ಬೇಕಿತ್ತು. 1910ರ ದಶಕದಲ್ಲಿ ಈತನೇ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕನಾಗಿ ಬಂದ. 1916ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಶುರುವಾದದ್ದು ಅದೇ ಕಾಲಾವಧಿಯಲ್ಲಿ. (ಸಾಬೂನಿನ ಸಮೀಕರಣವೂ ಸೊಗಸಾದದ್ದು: ಒಂದು ಅಣು ಕೊಬ್ಬಿಗೆ ಮೂರು ಅಣು ಕಾಸ್ಟಿಕ್ ಸೋಡಾ ಸೇರಿದರೆ ಮೂರು ಅಣು ಸಾಬೂನು, ಒಂದು ಅಣು ಗ್ಲಿಸರಾಲ್. ಕೊಬ್ಬಿನ ಅಣುವಿಗೆ ಮೂರು ತೋಳುಗಳಿರುವುದರಿಂದ ಆ ಮೂರು.)

ತೊಗಲಿಗೆ ಹಿಡಿಯುವ ಕ್ರೋಮಿಯಂ ಲವಣವನ್ನು ಸೋಡಿಯಂ ಡೈಕ್ರೋಮೇಟಿನಿಂದ ತಯಾರಿಸುತ್ತಾರೆ. ಅದಕ್ಕೆ ಗಂಧಕಾಮ್ಲ ಸೇರಿಸಿ, ಬೆಲ್ಲ ಅಥವಾ ಕಾಕಂಬಿ ಹಾಕುವುದು ಹಳೆಯ ಪದ್ಧತಿ. ಬೆಲ್ಲದ ಮುಖ್ಯಾಂಶ ಸುಕ್ರೋಸ್, ಅಂದರೆ ಸಿ₁₂ಎಚ್₂₂ಒ₁₁. ಕ್ರಿಯೆಯಲ್ಲಿ ಬರುವುದು ಕ್ರೋಮಿಯಂನ ಪ್ರತ್ಯಾಮ್ಲೀಯ ಸಲ್ಫೇಟ್, ಸೋಡಿಯಂ ಸಲ್ಫೇಟ್, ಕಾರ್ಬನ್ ಡೈಆಕ್ಸೈಡ್ ಮತ್ತು ನೀರು. ಆರು ಧಾತುಗಳು, ಏಳು ವಸ್ತುಗಳು. ಕಣ್ಣಂದಾಜಿನಲ್ಲಿ ಕುಳಿತರೆ ಮಧ್ಯಾಹ್ನ ಕಳೆದುಹೋದೀತು.

ಎಲೆಕ್ಟ್ರಾನು ಎಣಿಸಿದರೆ ಐದು ನಿಮಿಷ. ಪ್ರತಿ ಪರಮಾಣುವಿಗೂ ಉತ್ಕರ್ಷಣ ಸಂಖ್ಯೆ ಎಂಬ ಗುರುತು ಕೊಡುತ್ತಾರೆ. ಸಂಯುಕ್ತಗಳಲ್ಲಿ ಆಮ್ಲಜನಕಕ್ಕೆ ಸಾಮಾನ್ಯವಾಗಿ −2, ಜಲಜನಕಕ್ಕೆ +1, ಸೋಡಿಯಂಗೆ +1. ಡೈಕ್ರೋಮೇಟಿನಲ್ಲಿ 2 ಸೋಡಿಯಂ, 2 ಕ್ರೋಮಿಯಂ, 7 ಆಮ್ಲಜನಕ. ಒಟ್ಟು ಸೊನ್ನೆಯಾಗಬೇಕಾದರೆ ಒಂದೊಂದು ಕ್ರೋಮಿಯಂ +6 ಆಗಿರಬೇಕು. ಉತ್ಪನ್ನದಲ್ಲಿ ಅದು +3. ಹಾಗಾದರೆ ಕ್ರೋಮಿಯಂ ಒಂದಕ್ಕೆ 3 ಎಲೆಕ್ಟ್ರಾನು, ಡೈಕ್ರೋಮೇಟ್ ಒಂದಕ್ಕೆ 6 ಎಲೆಕ್ಟ್ರಾನು ಬಂದವು. ಕೊಟ್ಟವರು ಯಾರು? ಸಕ್ಕರೆಯ ಇಂಗಾಲ. ಸುಕ್ರೋಸಿನಲ್ಲಿ 22 ಜಲಜನಕದ +22ನ್ನು 11 ಆಮ್ಲಜನಕದ −22 ಸರಿಗಟ್ಟಿಬಿಡುವುದರಿಂದ ಇಂಗಾಲದ ಸರಾಸರಿ ಸೊನ್ನೆ. ಕಾರ್ಬನ್ ಡೈಆಕ್ಸೈಡಿನಲ್ಲಿ ಅದು +4. 12 ಇಂಗಾಲ, ತಲಾ 4, ಒಟ್ಟು 48 ಎಲೆಕ್ಟ್ರಾನು. 48ನ್ನು 6ರಿಂದ ಭಾಗಿಸಿದರೆ 8. ಒಂದು ಅಣು ಸಕ್ಕರೆಗೆ ಎಂಟು ಅಣು ಡೈಕ್ರೋಮೇಟ್. ಬೆನ್ನೆಲುಬು ಸಿಕ್ಕ ಮೇಲೆ ಉಳಿದದ್ದು ತಾನಾಗಿ ಬರುತ್ತದೆ:

8 ಸೋಡಿಯಂ ಡೈಕ್ರೋಮೇಟ್ + 24 ಗಂಧಕಾಮ್ಲ + 1 ಸುಕ್ರೋಸ್ → 16 ಪ್ರತ್ಯಾಮ್ಲೀಯ ಕ್ರೋಮಿಯಂ ಸಲ್ಫೇಟ್ + 8 ಸೋಡಿಯಂ ಸಲ್ಫೇಟ್ + 12 ಕಾರ್ಬನ್ ಡೈಆಕ್ಸೈಡ್ + 27 ನೀರು

ಪ್ರತ್ಯಾಮ್ಲೀಯ ಸಲ್ಫೇಟಿನ ಒಂದು ಘಟಕದಲ್ಲಿ ಒಂದು ಕ್ರೋಮಿಯಂ, ಒಂದು ಒಎಚ್ ಗುಂಪು, ಒಂದು ಸಲ್ಫೇಟ್ ಎಂದು ಇಟ್ಟುಕೊಂಡು ತಾಳೆ ನೋಡಬಹುದು. ಸಲ್ಫೇಟ್: ಎಡಗಡೆ 24, ಬಲಗಡೆ 16 ಮತ್ತು 8. ಜಲಜನಕ: ಎಡಗಡೆ ಆಮ್ಲದ 48 ಮತ್ತು ಸಕ್ಕರೆಯ 22 ಸೇರಿ 70, ಬಲಗಡೆ 16 ಮತ್ತು ನೀರಿನ 54 ಸೇರಿ 70. ಲೆಕ್ಕದಲ್ಲಿ ಬಳಸದೆ ಬಿಟ್ಟ ಆಮ್ಲಜನಕವನ್ನು ಕೊನೆಯ ಪರೀಕ್ಷೆಗೆ ಇಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ. ಇಲ್ಲಿ ಎರಡೂ ಕಡೆ 163 ಬರುತ್ತದೆ.

ತೊಟ್ಟಿಯಲ್ಲಿ ನಡೆಯುವುದು ಇಷ್ಟು ಚೊಕ್ಕವಲ್ಲ. ಸಕ್ಕರೆಯೆಲ್ಲ ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಗದೆ ಸ್ವಲ್ಪ ಭಾಗ ಸಾವಯವ ಆಮ್ಲಗಳಾಗಿ ಉಳಿಯುತ್ತದೆ. ಅವು ಕ್ರೋಮಿಯಂಗೆ ಅಂಟಿಕೊಂಡು, ಅದು ತೊಗಲಿನ ಮೇಲ್ಪದರದಲ್ಲೇ ಗಬಕ್ಕನೆ ಹಿಡಿಯದೆ ಒಳಕ್ಕೆ ಇಳಿಯುವಂತೆ ಮಾಡುತ್ತವೆ. ಹದಗಾರನಿಗೆ ಬೇಕಾದದ್ದೂ ಅದೇ. ಉತ್ಕರ್ಷಣ ಸಂಖ್ಯೆ ಬರಿಯ ಲೆಕ್ಕದ ಗುರುತಲ್ಲ ಎಂಬುದಕ್ಕೆ ರಾಣಿಪೇಟೆ ಸಾಕ್ಷಿ. +6ರ ಕ್ರೋಮಿಯಂ ವಿಷ, ಕ್ಯಾನ್ಸರ್‌ಕಾರಕ. +3ರದ್ದು ಅದರ ಮುಂದೆ ಎಷ್ಟೋ ಸಾಧು. ಮುಚ್ಚಿಹೋದ ಕ್ರೋಮೇಟ್ ಕಾರ್ಖಾನೆಯೊಂದು ಅಲ್ಲಿ ಬಿಟ್ಟುಹೋದ +6ರ ತ್ಯಾಜ್ಯದ ರಾಶಿ ಅಂತರ್ಜಲವನ್ನು ಕೆಡಿಸಿ ದಶಕಗಳ ಕಾಲ ತಲೆನೋವಾಯಿತು. ಅಡಯಾರಿನಲ್ಲಿ 1948ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಹದದ ನೀರಿನಲ್ಲಿ ಉಳಿಯುವ ಕ್ರೋಮಿಯಂ ಅನ್ನು ಹಿಂದಕ್ಕೆ ಪಡೆಯುವ, ಕಡಿಮೆ ಮಾಡುವ ವಿಧಾನಗಳ ಮೇಲೆ ಬಹುಕಾಲದಿಂದ ಕೆಲಸ ಮಾಡಿದೆ.

ಮನಲಿಯ ಸರಪಳಿ

ಉತ್ತರ ಚೆನ್ನೈನ ಮನಲಿಯಲ್ಲಿ ಒಂದು ಕಾರ್ಖಾನೆಯ ಉತ್ಪನ್ನ ಪಕ್ಕದ್ದರ ಪ್ರತಿವರ್ತಕ. ತೈಲ ಶುದ್ಧೀಕರಣಾಗಾರ 1969ರಲ್ಲಿ ಕೆಲಸ ಆರಂಭಿಸಿತು. ಮದ್ರಾಸ್ ಫರ್ಟಿಲೈಸರ್ಸ್ 1966ರಲ್ಲಿ ನೋಂದಣಿಯಾಗಿ 1971ರಲ್ಲಿ ಉತ್ಪಾದನೆಗೆ ಇಳಿಯಿತು. ಕಚ್ಚಾ ತೈಲದ ಗಂಧಕ ಶುದ್ಧೀಕರಣಾಗಾರದಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಎಚ್₂ಎಸ್ ಆಗಿ ಹೊರಬೀಳುತ್ತದೆ. ಅದರ ಮೂರನೆಯ ಒಂದು ಪಾಲನ್ನು ಸುಟ್ಟು, ಬಂದ ಎಸ್‌ಒ₂ವನ್ನು ಉಳಿದ ಎರಡು ಪಾಲಿನೊಂದಿಗೆ ಸೇರಿಸಿದರೆ ಹಳದಿ ಗಂಧಕ:

2ಎಚ್₂ಎಸ್ + ಎಸ್‌ಒ₂ → 3ಎಸ್ + 2ಎಚ್₂ಒ

ಮೂರನೆಯ ಒಂದು ಪಾಲನ್ನೇ ಯಾಕೆ ಸುಡಬೇಕು ಎಂಬುದನ್ನು ಆ 2 ಮತ್ತು 1 ಹೇಳುತ್ತವೆ. ಹೆಚ್ಚು ಸುಟ್ಟರೆ ಎಸ್‌ಒ₂ ಉಳಿದು ಚಿಮಣಿ ಹತ್ತುತ್ತದೆ, ಕಡಿಮೆ ಸುಟ್ಟರೆ ವಾಸನೆ ಉಳಿಯುತ್ತದೆ.

ಗೊಬ್ಬರದ ಕಡೆಗೆ ಬಂದರೆ, ಗಾಳಿಯ ಸಾರಜನಕ ಮತ್ತು ಜಲಜನಕದಿಂದ ಅಮೋನಿಯ:

ಎನ್₂ + 3ಎಚ್₂ ⇌ 2ಎನ್‌ಎಚ್₃

ರಸಾಯನಶಾಸ್ತ್ರಜ್ಞ ಹಾಬರ್ 1909ರಲ್ಲಿ ಪ್ರಯೋಗಶಾಲೆಯಲ್ಲಿ ಸಾಧಿಸಿದ್ದನ್ನು 1913ರಲ್ಲಿ ಜರ್ಮನಿಯಲ್ಲಿ ಕಾರ್ಖಾನೆಯ ಮಟ್ಟಕ್ಕೆ ತಂದರು. ಎಡಗಡೆ ನಾಲ್ಕು ಅಣು ಅನಿಲ, ಬಲಗಡೆ ಎರಡು. ಒತ್ತಡ ಹಾಕಿದರೆ ಕ್ರಿಯೆ ಕಡಿಮೆ ಜಾಗ ಹಿಡಿಯುವ ಬಲಕ್ಕೆ ವಾಲುತ್ತದೆ. ಇಷ್ಟು ದೊಡ್ಡ ಕೈಗಾರಿಕಾ ನಿರ್ಧಾರವನ್ನು ಮುಂದಿನ ಅಂಕಿಗಳನ್ನು ಕೂಡಿಸಿಯೇ ಊಹಿಸಬಹುದು. ನಂತರ ಅಮೋನಿಯ ಕಾರ್ಬನ್ ಡೈಆಕ್ಸೈಡಿನ ಜೊತೆ ಸೇರಿ ಯೂರಿಯಾ:

2ಎನ್‌ಎಚ್₃ + ಸಿಒ₂ → ಯೂರಿಯಾ + ಎಚ್₂ಒ

ತೂಕದಲ್ಲಿ 34 ಮತ್ತು 44 ಸೇರಿ 60 ಮತ್ತು 18. ಒಂದು ಟನ್ ಯೂರಿಯಾಗೆ ಸುಮಾರು 567 ಕಿಲೋ ಅಮೋನಿಯ, 733 ಕಿಲೋ ಕಾರ್ಬನ್ ಡೈಆಕ್ಸೈಡ್. ಇದು ಕನಿಷ್ಠ, ಕಾರ್ಖಾನೆಯಲ್ಲಿ ಇನ್ನೂ ಸ್ವಲ್ಪ ಹೆಚ್ಚು ಬೇಕು.

ಮನಲಿಯ ಸ್ವಾರಸ್ಯ ಇರುವುದು ಜಲಜನಕ ಎಲ್ಲಿಂದ ಬಂತು ಎಂಬಲ್ಲಿ. ದಶಕಗಳ ಕಾಲ ಅಲ್ಲಿ ಕಚ್ಚಾ ತೈಲದಿಂದ ಸಿಗುವ ನಾಫ್ತಾ ಬಳಸುತ್ತಿದ್ದರು. 2019ರಲ್ಲಿ ಎಣ್ಣೂರಿನ ದ್ರವೀಕೃತ ಅನಿಲದ ಟರ್ಮಿನಲ್ ಆರಂಭವಾದ ಮೇಲೆ ಅದೇ ವರ್ಷ ನೈಸರ್ಗಿಕ ಅನಿಲಕ್ಕೆ ಬದಲಾದರು. ನಾಫ್ತಾದ ಸರಾಸರಿ ಘಟಕವನ್ನು ಸಿಎಚ್₂ ಎಂದು, ನೈಸರ್ಗಿಕ ಅನಿಲವನ್ನು ಬರೀ ಮೀಥೇನ್ ಎಂದು ಇಟ್ಟುಕೊಂಡು ಹಬೆಯೊಂದಿಗಿನ ಒಟ್ಟು ಕ್ರಿಯೆ ಬರೆಯೋಣ:

ಸಿಎಚ್₂ + 2ಎಚ್₂ಒ → ಸಿಒ₂ + 3ಎಚ್₂

ಸಿಎಚ್₄ + 2ಎಚ್₂ಒ → ಸಿಒ₂ + 4ಎಚ್₂

ಮೊದಲನೆಯದರಲ್ಲಿ ಬಂದ 3ಎಚ್₂ದಿಂದ ಸರಿಯಾಗಿ 2 ಅಮೋನಿಯ. ಆ 2 ಅಮೋನಿಯಕ್ಕೆ ಯೂರಿಯಾ ಆಗಲು ಬೇಕಾದದ್ದು 1 ಕಾರ್ಬನ್ ಡೈಆಕ್ಸೈಡ್. ಅದೂ ಪಕ್ಕದಲ್ಲೇ ಸಿದ್ಧ. ಮೂರು ಸಮೀಕರಣಗಳನ್ನು ಕೂಡಿಸಿದರೆ ಒಂದು ಘಟಕ ನಾಫ್ತಾ, ಒಂದು ಅಣು ನೀರು, ಒಂದು ಅಣು ಸಾರಜನಕ ಸೇರಿ ಒಂದು ಅಣು ಯೂರಿಯಾ. ಶೇಷವೇ ಇಲ್ಲ. ಎರಡನೆಯದರಲ್ಲಿ ಹೀಗಾಗುವುದಿಲ್ಲ. ಮೂರು ಮೀಥೇನಿನಿಂದ 12ಎಚ್₂, ಅಂದರೆ 8 ಅಮೋನಿಯ. ಅದೆಲ್ಲ ಯೂರಿಯಾ ಆಗಲು 4 ಕಾರ್ಬನ್ ಡೈಆಕ್ಸೈಡ್ ಬೇಕು, ಇರುವುದು 3. ಸಾರಜನಕಕ್ಕಾಗಿ ಒಳಬಿಡುವ ಗಾಳಿಯ ಆಮ್ಲಜನಕವೂ ಸ್ವಲ್ಪ ಅನಿಲವನ್ನು ಸುಡುವುದರಿಂದ ಕೊರತೆ ಕಾಗದದಲ್ಲಿ ಕಂಡಷ್ಟು ದೊಡ್ಡದಾಗಿ ಉಳಿಯುವುದಿಲ್ಲ. ಆದರೂ ಅನಿಲಾಧಾರಿತ ಯೂರಿಯಾ ಕಾರ್ಖಾನೆಗಳಲ್ಲಿ ಕಾರ್ಬನ್ ಡೈಆಕ್ಸೈಡಿಗೆ ಪೇಚಾಡುವುದು ನಿಜ. ದೇಶದ ಕೆಲವು ಕಡೆ ಚಿಮಣಿಯ ಹೊಗೆಯಿಂದ ಅದನ್ನು ಹಿಡಿದು ಬಳಸುತ್ತಾರೆ. ಊರಿಗೆಲ್ಲ ಬೇಡವಾದ ಅನಿಲ ಇಲ್ಲಿ ಸಾಲದೆ ಬರುತ್ತದೆ.

ವಿದ್ಯುದಂಶದ ಎಣಿಕೆ

ನೀರಿನಲ್ಲಿ ಕರಗಿದ ಲವಣಗಳು ಅಯಾನುಗಳಾಗಿ ಒಡೆದಿರುತ್ತವೆ. ಅಲ್ಲಿ ಪರಮಾಣುಗಳ ಜೊತೆಗೆ ವಿದ್ಯುದಂಶವೂ ಸರಿದೂಗಬೇಕು. ಮೀಂಜೂರಿನ ಸುತ್ತ ಅಂತರ್ಜಲವನ್ನು ವಿಪರೀತ ಎತ್ತಿದ್ದರಿಂದ ಸಮುದ್ರದ ನೀರು ಒಳನಾಡಿಗೆ ನುಗ್ಗಿದೆ. ಬಾವಿಯ ನೀರಿನಲ್ಲಿ ಕ್ಲೋರೈಡ್ ಎಷ್ಟಿದೆ ಎಂದು ಅಳೆಯಲು ಸಿಲ್ವರ್ ನೈಟ್ರೇಟ್ ಹನಿಸುತ್ತಾರೆ. ಸೋಡಿಯಂ, ನೈಟ್ರೇಟ್ ಎರಡೂ ಬದಲಾಗದೆ ಸುಮ್ಮನಿರುವುದರಿಂದ ಅವನ್ನು ಬಿಟ್ಟು ಬರೆಯುವುದು:

ಬೆಳ್ಳಿ ಅಯಾನು (+1) + ಕ್ಲೋರೈಡ್ ಅಯಾನು (−1) → ಸಿಲ್ವರ್ ಕ್ಲೋರೈಡ್ (0)

ಇದು ಸುಲಭ. ತಾಮ್ರದ ತಂತಿಯನ್ನು ಬೆಳ್ಳಿಯ ದ್ರಾವಣದಲ್ಲಿ ಇಳಿಬಿಟ್ಟಾಗ ಬೆಳ್ಳಿ ಹೊರಬರುವುದನ್ನು ಬರೆಯುವಾಗ ಎಚ್ಚರ ಬೇಕು. ಒಂದು ತಾಮ್ರ, ಒಂದು ಬೆಳ್ಳಿ ಅಯಾನು ಎಂದರೆ ಪರಮಾಣುಗಳು ಸರಿ, ಆದರೆ ಎಡಗಡೆ +1, ಬಲಗಡೆ +2. ಬೆಳ್ಳಿ ಅಯಾನು ಎರಡಾದರೆ ಮಾತ್ರ ದೂಗುತ್ತದೆ.

2023ರ ಡಿಸೆಂಬರಿನ ಕೊನೆಯ ವಾರ ಎಣ್ಣೂರಿನಲ್ಲಿ ಸಮುದ್ರದಡಿಯ ಕೊಳವೆಯಿಂದ ಅಮೋನಿಯ ಸೋರಿ, ಪೆರಿಯಕುಪ್ಪಂ ಸುತ್ತಲಿನ ಮೀನುಗಾರರ ಕೇರಿಗಳ ಜನ ರಾತ್ರೋರಾತ್ರಿ ಮನೆ ಬಿಟ್ಟು ಓಡಬೇಕಾಯಿತು, ಹಲವರು ಆಸ್ಪತ್ರೆ ಸೇರಿದರು. ನೀರಿನಲ್ಲಿ ಅದರ ಕ್ರಿಯೆ:

ಎನ್‌ಎಚ್₃ + ಎಚ್₂ಒ ⇌ ಎನ್‌ಎಚ್₄⁺ + ಒಎಚ್⁻

ಕಣ್ಣು, ಮೂಗು, ಗಂಟಲಿನ ಒದ್ದೆಯಲ್ಲಿ ನಡೆಯುವುದೂ ಇದೇ. ಹುಟ್ಟುವ ಒಎಚ್⁻ ಅಲ್ಲಿ ಉರಿ ಎಬ್ಬಿಸುತ್ತದೆ.

ಸಮೀಕರಣ ಹೇಳದಿರುವುದು

ಸರಿದೂಗಿದೆ ಎಂದ ಮಾತ್ರಕ್ಕೆ ಕ್ರಿಯೆ ನಡೆಯುತ್ತದೆ ಎಂದಲ್ಲ. ನೀರು ತಾನಾಗಿ ಒಡೆದು ಜಲಜನಕ ಆಮ್ಲಜನಕ ಆಗುವುದನ್ನು ಅಂದವಾಗಿ ಬರೆಯಬಹುದು. ಕೊಡದಲ್ಲಿಟ್ಟ ನೀರು ಹಾಗೆ ಮಾಡುವುದಿಲ್ಲ. ವೇಗದ ಬಗೆಗೂ ಸಮೀಕರಣ ಮೌನಿ. ಕಬ್ಬಿಣ ತುಕ್ಕು ಹಿಡಿಯುವುದನ್ನು ಸರಳವಾಗಿ ಹೀಗೆ ಬರೆಯುತ್ತಾರೆ: ನಾಲ್ಕು ಕಬ್ಬಿಣ, ಮೂರು ಅಣು ಆಮ್ಲಜನಕ, ಜೊತೆಗೆ ನೀರು ಸೇರಿ ಎರಡು ಘಟಕ ಜಲಯುಕ್ತ ಫೆರಿಕ್ ಆಕ್ಸೈಡ್. ಬೆಂಗಳೂರಿಗೂ ಚೆನ್ನೈಗೂ ಸಮೀಕರಣ ಒಂದೇ. ಮರೀನಾ ದಂಡೆಯ ಮನೆಯ ಕಿಟಕಿ ಸರಳು ಮಲ್ಲೇಶ್ವರದ ಸರಳಿಗಿಂತ ಎಷ್ಟೋ ಬೇಗ ಪುಡಿಯಾಗಲು ಕಾರಣವಾದ ಉಪ್ಪು ಅದರಲ್ಲಿ ಎಲ್ಲೂ ಇಲ್ಲ. ಉಪ್ಪು ತೇವವನ್ನು ವಿದ್ಯುದ್ವಾಹಕವಾಗಿಸಿ, ಕಬ್ಬಿಣದ ಮೇಲಿನ ರಕ್ಷಣಾ ಪದರವನ್ನು ಕೆಡಿಸಿ ಕೆಲಸ ಚುರುಕಾಗಿಸುತ್ತದೆ. ತಾನು ಖರ್ಚಾಗುವುದಿಲ್ಲ. ವೇಗವರ್ಧಕಗಳನ್ನೂ ಇದೇ ಕಾರಣಕ್ಕೆ ಎಡಬಲಗಳಲ್ಲಿ ಬರೆಯದೆ ಬಾಣದ ಮೇಲೆ ಬರೆಯುತ್ತಾರೆ. ಹಾಬರ್ ಕ್ರಿಯೆಯಲ್ಲಿ ಅಲ್ಲಿ ಕೂರುವುದು ಕಬ್ಬಿಣ.

ಕೊನೆಯದೊಂದು ತೊಡಕನ್ನು ಪಠ್ಯಪುಸ್ತಕಗಳು ಹೇಳುವುದು ಅಪರೂಪ. ಕೆಲವು ಸಮೀಕರಣಗಳನ್ನು ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಸರಿದೂಗಿಸಬಹುದು. ಆಮ್ಲದಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿದಾಗ ಬಣ್ಣ ಹೋಗಿ ಆಮ್ಲಜನಕ ಗುಳ್ಳೆಗಳಾಗಿ ಬರುತ್ತದೆ. 2 ಪರ್ಮಾಂಗನೇಟ್, 3 ಗಂಧಕಾಮ್ಲಕ್ಕೆ 5 ಪೆರಾಕ್ಸೈಡ್ ಹಾಕಿ ಬಲಗಡೆ 5 ಆಮ್ಲಜನಕ, 8 ನೀರು ಬರೆದರೂ ಪರಮಾಣುಗಳು ದೂಗುತ್ತವೆ. 7 ಪೆರಾಕ್ಸೈಡ್ ಹಾಕಿ 6 ಆಮ್ಲಜನಕ, 10 ನೀರು ಬರೆದರೂ ದೂಗುತ್ತವೆ. ಪೆರಾಕ್ಸೈಡ್ ತಾನೇ ಒಡೆದು ನೀರು, ಆಮ್ಲಜನಕ ಆಗುವ ಇನ್ನೊಂದು ಕ್ರಿಯೆಯನ್ನು ಎಷ್ಟು ಸಲ ಬೇಕಾದರೂ ಒಳಗೆ ಸೇರಿಸಬಹುದಾದ್ದರಿಂದ ಹೀಗೆ. ಬೀಜಗಣಿತಕ್ಕೆ ಇವುಗಳಲ್ಲಿ ಆಯ್ಕೆ ಮಾಡಲು ಬಾರದು. ಮ್ಯಾಂಗನೀಸ್ +7ರಿಂದ +2ಕ್ಕೆ ಇಳಿಯಲು 5 ಎಲೆಕ್ಟ್ರಾನು ಬೇಕು, ಪೆರಾಕ್ಸೈಡ್ ಒಂದು ಕೊಡುವುದು 2. ಹಾಗಾಗಿ 2ಕ್ಕೆ 5. ಕಾಲೇಜಿನ ಪ್ರಯೋಗಶಾಲೆಯಲ್ಲಿ ಬ್ಯೂರೆಟ್ಟಿನಿಂದ ಪರ್ಮಾಂಗನೇಟನ್ನು ಹನಿಹನಿಯಾಗಿ ಬಿಡುತ್ತಾ, ತಿಳಿಗುಲಾಬಿ ಬಣ್ಣ ನಿಲ್ಲುವ ಹೊತ್ತಿಗೆ ಓದಿಕೊಂಡ ಅಳತೆಯಲ್ಲೂ ಇದೇ 2ಕ್ಕೆ 5 ಸಿಗುತ್ತದೆ.